ದೀಪಾವಳಿಯ ಅಲಂಕಾರಕ್ಕೆ ಮನೆಯ ರದ್ದಿಯೇ ಸಾಕು



ನವರಾತ್ರಿ ಮುಗಿಯಿತೆಂದರೆ ನಮ್ಮ ವ್ಯಾಪಾರಿ ಮನೆತನಗಳಲ್ಲಿ ಎರಡು ಕೆಲಸಗಳು ಜೊತೆಜೊತೆಗೆ ಶುರುವಾಗುತ್ತವೆ. ಒಂದು, ಅಂಗಡಿ ಮತ್ತು ಮನೆಯ ಅಟ್ಟ ತೆಗೆದು, ಝಾಡಿಸಿ, ಹಳೆಯದನ್ನು ಹೊರಹಾಕುವುದು. ಇನ್ನೊಂದು, ಪೇಟೆಗೆ ಹೋಗಿ ಹಬ್ಬದ ಅಲಂಕಾರದ ಸಾಮಾನು ತರುವುದು. ಹೊರಗೆ ಹೋಗುವ ಗಂಟಿನಲ್ಲಿ ವರ್ಷದ ಲಗ್ನಪತ್ರಿಕೆಗಳು, ಹಳೆಯ ಕ್ಯಾಲೆಂಡರುಗಳು, ಸೀರೆಯ ಮಡಿಕೆಯೊಳಗಿನ ರಟ್ಟುಗಳು, ತುಂಬಿದ ವಹಿಗಳು ಇರುತ್ತವೆ. ಒಳಗೆ ಬರುವ ಚೀಲದಲ್ಲಿ ಪ್ಲಾಸ್ಟಿಕ್ಕಿನ ತೋರಣ, ಪ್ಲಾಸ್ಟಿಕ್ಕಿನ ಹೂಮಾಲೆ, ಒಂದು ವರ್ಷವೂ ಬಾಳದ ಕಂದೀಲು ಇರುತ್ತವೆ. ಹೊರಗೆ ಹೋದ ಗಂಟಿನಿಂದಲೇ ಒಳಗೆ ಬರಬೇಕಾದ ಸಾಮಾನು ತಯಾರಾಗುವುದಾದರೆ ಹಣವೂ ಉಳಿಯಿತು, ಕಸವೂ ಕಡಿಮೆಯಾಯಿತು, ಮಕ್ಕಳಿಗೆ ರಜೆಯಲ್ಲಿ ಕೈಗೊಂದು ಕೆಲಸವೂ ಸಿಕ್ಕಿತು.

ಆದರೆ ಜೈನರ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವ ಮುನ್ನ ಕೆಲವು ಪ್ರಶ್ನೆಗಳು ಬರುತ್ತವೆ. ಯಾವ ಕಾಗದಕ್ಕೆ ಕತ್ತರಿ ಹಾಕಬಹುದು, ಯಾವುದಕ್ಕೆ ಹಾಕಬಾರದು? ಅಂಟು ಯಾವುದರಿಂದ ಆದದ್ದು? ನೆನೆಸಿದ ನೀರಿನಲ್ಲಿ, ಹಚ್ಚಿದ ದೀಪದಲ್ಲಿ ಎಷ್ಟು ಜೀವ ಹೋದೀತು? ಈ ಪ್ರಶ್ನೆಗಳನ್ನು ಬಿಟ್ಟು ಬರೀ ಕೈಕೆಲಸ ಹೇಳಿಕೊಡುವ ಪುಸ್ತಕಗಳು ಪೇಟೆಯಲ್ಲಿ ಬಹಳ ಇವೆ. ನಾವು ಅವೆರಡನ್ನೂ ಕೂಡಿಸಿ ಹೇಳಲು ಇಲ್ಲಿ ಪ್ರಯತ್ನಿಸಿದ್ದೇವೆ.

ನಮ್ಮ ದೀಪಾವಳಿ

ದೀಪಾವಳಿ ನಮಗೆ ಭಗವಾನ್ ಮಹಾವೀರರ ನಿರ್ವಾಣದ ದಿನ. ಅಮಾವಾಸ್ಯೆಯ ಬೆಳಗಿನ ಜಾವ ಪಾವಾನಗರಿಯಲ್ಲಿ ಸ್ವಾಮಿಯು ಮೋಕ್ಷಕ್ಕೆ ಸಂದರು. ಅದೇ ದಿನ ಸಂಜೆ ಗೌತಮ ಗಣಧರರಿಗೆ ಕೇವಲಜ್ಞಾನವಾಯಿತು. ಆ ನಿರ್ವಾಣದ ಹೊತ್ತಿನಲ್ಲಿ ಪಾವಾನಗರಿಯು ದೀಪಗಳಿಂದ ಬೆಳಗಿತೆಂದೂ ಅಂದಿನಿಂದ ಜನರು ವರ್ಷವರ್ಷವೂ ದೀಪಾಲಿಕೆಯನ್ನು ಆಚರಿಸುತ್ತ ಬಂದರೆಂದೂ ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ಮುಗಿಸಿದ ಹರಿವಂಶ ಪುರಾಣದಲ್ಲಿ ಹೇಳಿದ್ದಾರೆ. ಬೆಳಿಗ್ಗೆ ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ, ಸಂಜೆ ಅಂಗಡಿಯಲ್ಲಿ ಹೊಸ ವಹಿಯ ಮೇಲೆ ಸ್ವಸ್ತಿಕ ಬರೆದು ಪೂಜೆ ಮಾಡುವುದು ಸೊಲ್ಲಾಪುರ, ಅಕ್ಕಲಕೋಟ, ಜತ್ತಿನ ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ಆದಾಯ ತೆರಿಗೆಯ ಲೆಕ್ಕಕ್ಕೆ 1989-90ರ ಕರನಿರ್ಧಾರಣೆಯ ವರ್ಷದಿಂದ ಎಲ್ಲರಿಗೂ ಏಪ್ರಿಲ್-ಮಾರ್ಚ್ ವರ್ಷವೇ ಬಂದಿದ್ದರೂ ವಹಿಪೂಜೆ ದೀಪಾವಳಿಯಲ್ಲೇ ಉಳಿದಿದೆ.

ಹೀಗೆ ಈ ಹಬ್ಬವು ಅಹಿಂಸೆಯ ಉಪದೇಶಕರ ನಿರ್ವಾಣಕ್ಕೂ ಜ್ಞಾನದ ಉದಯಕ್ಕೂ ಸೇರಿದ್ದು. ಜ್ಞಾನವನ್ನು ಹೊತ್ತು ತರುವ ವಸ್ತು ಕಾಗದ. ಆದ್ದರಿಂದ ಈ ಹಬ್ಬಕ್ಕೆ ಕಾಗದವನ್ನು ಬಳಸುವಾಗ ಸ್ವಲ್ಪ ವಿವೇಕ ಬೇಕು.

ಮೊದಲು ಕಾಗದವನ್ನು ಆರಿಸಿರಿ

ಕಾಗದ ತಿನ್ನುವ ಹುಳಗಳು ಹಳೆಯ ಗಂಟಿನಲ್ಲಿ ವಾಸ ಮಾಡಿರುತ್ತವೆ. ಗಂಟನ್ನು ಒಮ್ಮೆಲೇ ಬಿಸಿಲಿಗಾಗಲಿ ನೀರಿಗಾಗಲಿ ಹಾಕಬೇಡಿರಿ. ನೆರಳಿನಲ್ಲಿ ಒಂದೊಂದೇ ಹಾಳೆ ಬಿಡಿಸಿ, ಮೃದು ಬಟ್ಟೆಯಿಂದ ಒರೆಸಿ, ಅರ್ಧ ದಿನ ಹರಡಿ ಇಟ್ಟರೆ ಅವು ತಾವಾಗಿಯೇ ಸರಿದು ಹೋಗುತ್ತವೆ. ಅನಂತರ ಕಾಗದವನ್ನು ನಾಲ್ಕು ಪಾಲು ಮಾಡಬೇಕು.

ಮೊದಲನೆಯ ಪಾಲು ವಿನಯದಿಂದ ಇಡಬೇಕಾದದ್ದು. ಜಿನಬಿಂಬ, ಮುನಿಮಹಾರಾಜರ ಚಿತ್ರ, ಣಮೋಕಾರ ಮಂತ್ರ, ಶಾಸ್ತ್ರದ ವಾಕ್ಯ ಇರುವ ಕಾಗದ ಇದರಲ್ಲಿ ಬರುತ್ತದೆ. ಪಂಚಕಲ್ಯಾಣದ ಆಮಂತ್ರಣ, ಚಾತುರ್ಮಾಸದ ಕರಪತ್ರ, ಅನೇಕ ಲಗ್ನಪತ್ರಿಕೆಗಳ ಮೊದಲ ಪುಟ, ಈ ಪತ್ರಿಕೆಯ ಹಳೆಯ ಸಂಚಿಕೆಗಳೂ ಇದರಲ್ಲೇ ಸೇರುತ್ತವೆ. ಜ್ಞಾನಕ್ಕೆ ತೋರುವ ಅನಾದರವು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ಇಂಥ ಕಾಗದವನ್ನು ಕತ್ತರಿಸಿ ತೋರಣ ಮಾಡುವುದೂ ಸಲ್ಲದು, ರದ್ದಿಗೆ ಹಾಕುವುದೂ ಸಲ್ಲದು. ಲಗ್ನಪತ್ರಿಕೆಯಾದರೆ ಚಿತ್ರ ಮತ್ತು ಮಂತ್ರ ಇರುವ ಪುಟವನ್ನು ಬೇರ್ಪಡಿಸಿ ಒಂದು ಬಟ್ಟೆಯ ಚೀಲದಲ್ಲಿ ಕೂಡಿಡಿರಿ. ಮುಂದೇನು ಮಾಡಬೇಕೆಂಬುದನ್ನು ಊರಿನ ಬಸದಿಯ ಹಿರಿಯರನ್ನೋ ತ್ಯಾಗಿಗಳನ್ನೋ ಕೇಳಿ ನಡೆಯಿರಿ. ಹೊಳೆ-ಕೆರೆಗೆ ಬಿಡುವ ರೂಢಿ ಕೆಲವೆಡೆ ಇದೆ. ಈಗಿನ ಕಾಗದದ ಶಾಯಿ ಮತ್ತು ಮೇಲಿನ ಪ್ಲಾಸ್ಟಿಕ್ ಪೊರೆ ನೀರಿನಲ್ಲಿರುವ ಜೀವಗಳಿಗೆ ಕೇಡು ಮಾಡುವುದರಿಂದ ಅದು ಬೇಡ.

ಎರಡನೆಯ ಪಾಲು ಲೆಕ್ಕದ ಕಾಗದ. ಹಳೆಯ ವಹಿ, ಕೀರ್ದಿ, ಖಾತೆ, ಬಿಲ್ಲಿನ ಪುಸ್ತಕಗಳನ್ನು ಲೆಕ್ಕಪರಿಶೋಧಕರನ್ನು ಕೇಳದೆ ಮುಟ್ಟಬೇಡಿರಿ. ಜಿಎಸ್‌ಟಿ ಕಾನೂನಿನಂತೆ ಆಯಾ ವರ್ಷದ ವಾರ್ಷಿಕ ರಿಟರ್ನು ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರ ಇಟ್ಟಿರಬೇಕು. ವ್ಯಾಜ್ಯವಿದ್ದರೆ ಇನ್ನೂ ಹೆಚ್ಚು ಕಾಲ. ಅವಧಿ ಮುಗಿದಿದ್ದರೂ ಇನ್ನೊಂದು ಮಾತಿದೆ. ನಮ್ಮ ಖಾತೆಯ ಪುಸ್ತಕದಲ್ಲಿ ಗಿರಾಕಿಗಳ ಹೆಸರಿದೆ, ಅವರ ಬಾಕಿ ಇದೆ, ಯಾರು ಯಾವಾಗ ಕೊಟ್ಟರು, ಯಾರು ಕೊಡಲಾರದೆ ಹೋದರು ಎಂಬುದಿದೆ. ನಂಬಿ ಸಾಲ ಪಡೆದವರ ಹೆಸರನ್ನು ಬಾಗಿಲಿಗೆ ತೂಗುಹಾಕುವುದು ವ್ಯಾಪಾರಿ ಧರ್ಮಕ್ಕೆ ಒಪ್ಪುವುದಿಲ್ಲ. ಬರೆದ ಬದಿ ಒಳಗೆ ಬರುವಂತೆ ಮಡಿಸಿದರಾಯಿತು ಎನ್ನುವಂತೆಯೂ ಇಲ್ಲ. ಒಳಗೆ ದೀಪ ಹಚ್ಚಿದೊಡನೆ ಅಕ್ಷರಗಳು ಹೊರಗೆ ಕಾಣುತ್ತವೆ. ಆದ್ದರಿಂದ ವಹಿಯ ಬರೆದ ಹಾಳೆಗಳನ್ನು ಚೂರುಚೂರು ಮಾಡಿ ಅರೆದು ಬುಟ್ಟಿ ಮಾಡಲು ಮಾತ್ರ ಬಳಸಿರಿ. ಕೊನೆಯಲ್ಲಿ ಉಳಿದ ಖಾಲಿ ಹಾಳೆಗಳು ಕಂದೀಲಿಗೆ ಬಹಳ ಚೆನ್ನ.

ಮೂರನೆಯ ಪಾಲು ರದ್ದಿಯವನಿಗೆ ಕೊಡಬೇಕಾದದ್ದು. ಬಿಳಿ ಹಾಳೆ, ಶಾಲೆಯ ನೋಟುಬುಕ್ಕು, ವೃತ್ತಪತ್ರಿಕೆ, ಕಂದು ರಟ್ಟಿನ ಪೆಟ್ಟಿಗೆ ಇವು ಕಾರ್ಖಾನೆಗೆ ಹೋಗಿ ಮತ್ತೆ ಕಾಗದವಾಗುತ್ತವೆ. ನಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಕೊಡಿರಿ. ಮಿಂಚಿನ ಪುಡಿ ಹಾಕಿದ, ಬಂಗಾರದ ಬಣ್ಣದ ಹಾಳೆ ಒತ್ತಿದ, ಪ್ಲಾಸ್ಟಿಕ್ ಪೊರೆ ಅಂಟಿಸಿದ ಪತ್ರಿಕೆಗಳನ್ನು ಮಾತ್ರ ಕಾರ್ಖಾನೆಯಲ್ಲಿ ಮತ್ತೆ ಅರೆಯುವುದು ಕಷ್ಟ. ಅಲಂಕಾರಕ್ಕೆ ನಿಜವಾಗಿ ಬರಬೇಕಾದ ನಾಲ್ಕನೆಯ ಪಾಲು ಇದೇ. ರದ್ದಿಯವನಿಗೆ ಬೇಡವಾದದ್ದು, ಗಟ್ಟಿಯಾದದ್ದು, ಬಣ್ಣದ್ದು; ಒಮ್ಮೆ ಮಾಡಿಟ್ಟರೆ ಹಲವು ವರ್ಷ ಬಾಳುತ್ತದೆ.

ಈಗಿನ ಅಂಗಡಿಗಳಲ್ಲಿ ಯಂತ್ರದಿಂದ ಬರುವ ನುಣುಪಾದ ಬಿಲ್ಲಿನ ಸುರುಳಿ ಕಾಗದವನ್ನು ಈ ಯಾವ ಪಾಲಿಗೂ ಸೇರಿಸಬೇಡಿರಿ. ಅದು ಶಾಯಿಯಿಂದ ಬರೆದದ್ದಲ್ಲ. ಕಾಗದದ ಮೇಲೆ ಲೇಪಿಸಿದ ರಾಸಾಯನಿಕವು ಕಾವಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಆ ಲೇಪದಲ್ಲಿ ಅನೇಕ ಸಲ ಬಿಸ್‌ಫಿನಾಲ್ ಇರುತ್ತದೆ. ಮಕ್ಕಳ ಕೈಗೆ ಅದನ್ನು ಆಟಕ್ಕೆ ಕೊಡಬಾರದು.

ಅಂಟಿನ ವಿಚಾರ

ಬಡಗಿಗಳೂ ಹಳೆಯ ಕಾಲದ ಪುಸ್ತಕ ಕಟ್ಟುವವರೂ ಬಳಸುತ್ತಿದ್ದ ಸರೇಸು ಪ್ರಾಣಿಗಳ ಚರ್ಮ, ಎಲುಬುಗಳಿಂದ ಆದದ್ದು. ಅದು ನಮಗೆ ಸರ್ವಥಾ ವರ್ಜ್ಯ. ಮೈದಾ ಕಾಯಿಸಿ ಮಾಡುವ ಅಂಟು, ಇಲ್ಲಿನ ಮರಾಠಿ ನೆರೆಯವರು ಖಳ ಎನ್ನುವುದು, ನಿರ್ದೋಷವೆಂದು ತೋರುತ್ತದೆ. ಆದರೆ ಅದರ ವಾಸನೆಗೆ ಇರುವೆ, ಜಿರಳೆ ಬರುತ್ತವೆ. ಬಾರದಿರಲೆಂದು ಜನ ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಬಂದ ಹುಳ ಅದನ್ನು ತಿಂದು ಸಾಯುತ್ತದೆ. ಅಲಂಕಾರದ ಹೆಸರಿನಲ್ಲಿ ವಿಷವಿಟ್ಟಂತಾಯಿತು. ಆದ್ದರಿಂದ ಮೈದಾ ಅಂಟನ್ನು ಹಬ್ಬ ಮುಗಿದೊಡನೆ ತೆಗೆದುಬಿಡುವ ಸಾಮಾನಿಗೆ ಮಾತ್ರ, ಅಂದಂದು ಕಾಯಿಸಿ, ಬೇಕಾದಷ್ಟೇ ಬಳಸಿರಿ. ಕಾದಿಟ್ಟು ವರ್ಷವರ್ಷ ಬಳಸುವ ಸಾಮಾನಿಗೆ ಪೇಟೆಯ ಬಿಳಿ ಅಂಟು, ಫೆವಿಕಾಲ್ ಬಗೆಯದು, ಆಗಬಹುದು. ಅದು ರಾಸಾಯನಿಕ ರಾಳದಿಂದ ಆದದ್ದು.

ಎಲ್ಲಕ್ಕಿಂತ ಒಳ್ಳೆಯದು ಸೂಜಿ-ದಾರ. ಕಿರಾಣಿ ಅಂಗಡಿಯವರ ಮನೆಯಲ್ಲಿ ಸಕ್ಕರೆ ಚೀಲದ ಬಾಯಿ ಬಿಚ್ಚಿದಾಗ ಬರುವ ದಾರ ಸುರುಳಿಗಟ್ಟಲೆ ಬಿದ್ದಿರುತ್ತದೆ. ಅದರಿಂದ ಹೊಲಿದದ್ದು ಬಿಚ್ಚುವುದಿಲ್ಲ, ಹುಳವೂ ಬರುವುದಿಲ್ಲ.

ಲಗ್ನಪತ್ರಿಕೆಯ ಆಕಾಶಬುಟ್ಟಿ

ಇದಕ್ಕೆ 15 ಗಟ್ಟಿ ಪತ್ರಿಕೆಗಳು ಬೇಕು. 12 ಸೆಂಟಿಮೀಟರ್ ಅಗಲದ ಬಾಯಿಯುಳ್ಳ ವಾಟಿಯನ್ನು ಬೋರಲು ಇಟ್ಟು ಸುತ್ತ ಗೆರೆ ಎಳೆದು 15 ವೃತ್ತಗಳನ್ನು ಕತ್ತರಿಸಿಕೊಳ್ಳಿರಿ. ಅಳತೆಗೆಂದು ತೆಳು ಕಾಗದದ್ದು ಇನ್ನೊಂದು ವೃತ್ತ ಇರಲಿ. ಈ ತೆಳು ವೃತ್ತವನ್ನು ಎರಡು ಸಲ ಅರ್ಧಕ್ಕೆ ಮಡಿಸಿ ಬಿಡಿಸಿದರೆ ನಡುವಿನ ಬಿಂದು ಸಿಗುತ್ತದೆ. ಅಂಚನ್ನು ಆ ಬಿಂದುವಿಗೆ ತಾಗುವಂತೆ ಮಡಿಸಿರಿ. ಆ ಮಡಿಕೆಯ ಒಂದು ತುದಿಯಿಂದ ಆರಂಭಿಸಿ ಎರಡನೆಯ ಅಂಚನ್ನು, ಹಾಗೆಯೇ ಮೂರನೆಯದನ್ನು ಮಡಿಸಿದರೆ ಮೂರೂ ಬದಿ ಸಮನಾದ ತ್ರಿಕೋಣ ಉಳಿಯುತ್ತದೆ. ಈ ತ್ರಿಕೋಣವೇ ಅಳತೆ. ಇದನ್ನು ಪ್ರತಿ ವೃತ್ತದ ಮೇಲಿಟ್ಟು ಮೂರು ಬದಿಯ ಅಂಚುಗಳನ್ನು ಮೇಲಕ್ಕೆ ಮಡಿಸಿರಿ. ಮಕ್ಕಳಿಗೆ ರೇಖಾಗಣಿತದ ಪಾಠವೂ ಆಯಿತು.

ಬೆಳಕು ಹೊರಬರಲು ಪ್ರತಿ ತ್ರಿಕೋಣದ ನಡುವೆ ದಬ್ಬಣದಿಂದ ಏಳೆಂಟು ತೂತು ಹಾಕಿರಿ. ಈಗ ಐದು ತ್ರಿಕೋಣಗಳ ಮೂಲೆ ಒಂದೆಡೆ ಕೂಡುವಂತೆ ಅಂಚಿಗೆ ಅಂಚು ಸೇರಿಸಿ ಹೊಲಿಯಿರಿ, ಟೊಪ್ಪಿಗೆಯಂತಾಗುತ್ತದೆ. ಉಳಿದ ಹತ್ತನ್ನು ಒಂದು ಮೇಲ್ಮುಖ, ಒಂದು ಕೆಳಮುಖವಾಗಿ ಸಾಲಾಗಿ ಹೊಲಿದು, ಸಾಲಿನ ಎರಡು ತುದಿ ಕೂಡಿಸಿದರೆ ಬಳೆಯಾಗುತ್ತದೆ. ಟೊಪ್ಪಿಗೆಯ ತುದಿಯಲ್ಲಿ ವೈರು ತೂರಿಸಿ, ಬಳೆಯ ಮೇಲೆ ಅದನ್ನು ಕೂರಿಸಿ ಹೊಲಿದರೆ ಸುಮಾರು 20 ಸೆಂಟಿಮೀಟರ್ ಅಗಲದ ಆಕಾಶಬುಟ್ಟಿ ಸಿದ್ಧ. ಕೆಳಗಿನ ತೆರೆದ ಬಾಯಿಗೆ ಹಳೆಯ ತೆಳು ಪಂಚೆಯ ತುಂಡು ಕಟ್ಟಿರಿ. ಹುಳ ಒಳಗೆ ಹೋಗಲಾರದು. ಇನ್ನೂ ಐದು ವೃತ್ತಗಳಿಂದ ಎರಡನೆಯ ಟೊಪ್ಪಿಗೆ ಮಾಡಿ ಕೆಳಗೂ ಹೊಲಿದರೆ ಪೂರ್ಣ ಚೆಂಡಾಗುತ್ತದೆ. ದೀಪವಿಲ್ಲದೆ ಅಂಗಡಿಯಲ್ಲಿ ತೂಗುಹಾಕಲು ಅದು ಚೆನ್ನ.

ಮಕ್ಕಳ ಕಂದೀಲು

ಎಂಟು ವರ್ಷದ ಮಗುವೂ ಮಾಡಬಲ್ಲದ್ದು ಇದು. ಹಳೆಯ ಕ್ಯಾಲೆಂಡರಿನ 30 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಉದ್ದದ ಹಾಳೆಯನ್ನು ಉದ್ದಕ್ಕೆ ಅರ್ಧ ಮಡಿಸಿರಿ. ಮಡಿಕೆಯ ಕಡೆಯಿಂದ ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಕತ್ತರಿಸುತ್ತ ಹೋಗಿ, ತೆರೆದ ಅಂಚಿಗೆ ಮೂರು ಸೆಂಟಿಮೀಟರ್ ಇರುವಾಗ ನಿಲ್ಲಿಸಿರಿ. ಬಿಡಿಸಿ, ಉದ್ದದ ಎರಡು ತುದಿಗಳನ್ನು ಕೂಡಿಸಿ ಕೊಳವೆ ಮಾಡಿರಿ. ಒಳಗೆ ವಹಿಯ ಖಾಲಿ ಹಾಳೆಗಳನ್ನು ಜೋಡಿಸಿದ 26 ಸೆಂಟಿಮೀಟರ್ ಎತ್ತರದ ಇನ್ನೊಂದು ಕೊಳವೆ ಇಟ್ಟು ಮೇಲೂ ಕೆಳಗೂ ಹೊರಗಿನದರ ಅಂಚಿಗೆ ಹೊಲಿದರೆ ಹೊರಗಿನ ಪಟ್ಟಿಗಳು ಉಬ್ಬಿ ನಿಲ್ಲುತ್ತವೆ. ಹಳೆಯ ವಹಿಯ ಕಾಗದ ವಯಸ್ಸಾಗಿ ಹಳದಿಗೆ ತಿರುಗಿರುತ್ತದೆ. ಅದರೊಳಗಿಂದ ಬರುವ ಬೆಳಕು ಕಣ್ಣಿಗೆ ತಂಪು.

ಬಾಗಿಲ ತೋರಣ

ಮಾವಿನ ಎಲೆ, ಚೆಂಡುಹೂವು ಇವುಗಳ ತೋರಣ ನೋಡಲು ಚೆಂದ. ಆದರೆ ದೀಪಾವಳಿ ಬರುವುದು ಚಾತುರ್ಮಾಸದ ಕೊನೆಯಲ್ಲಿ. ಹಸಿರನ್ನು ಕೀಳುವುದಿಲ್ಲವೆಂದು ವ್ರತ ಹಿಡಿದ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಪೂಜೆಗೆ ಹೂವಿನ ವಿಷಯ ಅವರವರ ಆಮ್ನಾಯಕ್ಕೆ ಬಿಟ್ಟದ್ದು. ನಾವು ಹೇಳುತ್ತಿರುವುದು ಬಾಗಿಲ ಅಲಂಕಾರವನ್ನಷ್ಟೆ. ಹಸಿರು, ಹಳದಿ ಬಣ್ಣದ ಪತ್ರಿಕೆಗಳನ್ನು ಎಲೆಯ ಆಕಾರಕ್ಕೆ ಕತ್ತರಿಸಿ, ನಡುವೆ ಉದ್ದಕ್ಕೆ ಒಂದು ಮಡಿಕೆ, ಎರಡೂ ಬದಿಗೆ ಓರೆಯಾಗಿ ನಾಲ್ಕು ಮಡಿಕೆ ಹಾಕಿದರೆ ನರಗಳು ಮೂಡಿ ನಿಜವಾದ ಎಲೆಯಂತೆ ಕಾಣುತ್ತದೆ. ತೊಟ್ಟಿನ ಕಡೆ ತೂತು ಹಾಕಿ ದಾರಕ್ಕೆ ಪೋಣಿಸಿರಿ. ಬಟ್ಟೆ ಅಂಗಡಿಯವರು ಸೀರೆಯೊಳಗಿನ ರಟ್ಟನ್ನು ಪಟ್ಟಿಯಾಗಿ ಕತ್ತರಿಸಿ ಹಿಂಬದಿಗೆ ಕೊಟ್ಟರೆ ತೋರಣ ಸುರುಟಿಕೊಳ್ಳುವುದಿಲ್ಲ.

ಕಾಗದದ ಬುಟ್ಟಿ

ಅಜ್ಜಿಯಂದಿರ ಕಾಲದಲ್ಲಿ ಹಳೆಯ ಕಾಗದ ನೆನೆಸಿ, ಒರಳಲ್ಲಿ ಕುಟ್ಟಿ, ಮೆಂತ್ಯದ ಹಿಟ್ಟು ಕಲಸಿ ಬುಟ್ಟಿ ಮಾಡುವ ಪದ್ಧತಿ ಕನ್ನಡ ಮನೆಗಳಲ್ಲಿ ಇತ್ತು. ಬಿದಿರಿನ ಮೊರಕ್ಕೂ ಇದನ್ನೇ ಬಳಿಯುತ್ತಿದ್ದರು. ಮೆಂತ್ಯದ ಲೋಳೆಯೇ ಅಂಟು. ಬೇರೆ ಅಂಟು ಬೇಡ. ಹಬ್ಬದಲ್ಲಿ ಬೀಗರಿಗೆ ಒಣಹಣ್ಣು ಕಳಿಸಲು ಪ್ಲಾಸ್ಟಿಕ್ ಡಬ್ಬಿಗಿಂತ ಈ ಬುಟ್ಟಿಯೊಳಗೆ ಸ್ವಚ್ಛ ಬಟ್ಟೆ ಹಾಸಿ ಕಳಿಸಿದರೆ ಎಷ್ಟು ಶೋಭೆ!

ಹಿಂದೆ ಕಾಗದವನ್ನು ಮೂರು ನಾಲ್ಕು ದಿನ ನೆನೆಹಾಕುತ್ತಿದ್ದರು. ಅಷ್ಟು ದಿನ ನಿಂತ ನೀರಿನಲ್ಲಿ ಜೀವೋತ್ಪತ್ತಿಯಾಗುತ್ತದೆ. ಒಂದೇ ದಿನದಲ್ಲಿ ಮುಗಿಸುವ ಉಪಾಯ ಹೀಗಿದೆ. ಬೆಳಿಗ್ಗೆ ಕಾಗದವನ್ನು ಬೆರಳುಗುರಿನಷ್ಟು ಚೂರು ಮಾಡಿ, ಸೋಸಿದ ನೀರನ್ನು ಕುದಿಸಿ ಅದರ ಮೇಲೆ ಸುರಿದು ಮುಚ್ಚಿಡಿರಿ. ಮೂರು ತಾಸಿನಲ್ಲಿ ಮೆತ್ತಗಾಗುತ್ತದೆ. ಅಡುಗೆಗೆ ಬಳಸದ ಮಿಕ್ಸರ್ ಪಾತ್ರೆಯಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿರಿ. ನಾಲ್ಕು ಹಿಡಿ ಹಿಂಡಿದ ಕಾಗದಕ್ಕೆ ಒಂದು ಹಿಡಿ ಮೆಂತ್ಯದ ಹಿಟ್ಟು ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿರಿ. ಬೋಗುಣಿಯನ್ನು ಬೋರಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಅರ್ಧ ಬೆರಳು ದಪ್ಪ ತಟ್ಟಿರಿ. ಮಧ್ಯಾಹ್ನದೊಳಗೆ ಬಿಸಿಲಿಗಿಟ್ಟರೆ ಮೇಲ್ಪದರ ಅಂದೇ ಬಿಗಿಯುತ್ತದೆ. ಮೂರು ನಾಲ್ಕು ದಿನದಲ್ಲಿ ಪೂರಾ ಒಣಗಿ ಬೋಗುಣಿಯಿಂದ ಬಿಡುತ್ತದೆ. ಉಳಿದ ಮುದ್ದೆಯನ್ನು ಒದ್ದೆಯಾಗಿ ಎತ್ತಿಡಬೇಡಿರಿ. ಬಿಲ್ಲೆ ತಟ್ಟಿ ಒಣಗಿಸಿ ತೋರಣಕ್ಕೆ ಪೋಣಿಸಿರಿ.

ದೀಪ ಮತ್ತು ಜೀವದಯೆ

ಕಾಗದದ ಕಂದೀಲಿನಲ್ಲಿ ಎಣ್ಣೆಯ ಹಣತೆಯನ್ನಾಗಲಿ ಮೇಣದಬತ್ತಿಯನ್ನಾಗಲಿ ಎಂದೂ ಇಡಬೇಡಿರಿ. ಹಳೆಯ ತಂತಿಯ ಬಲ್ಬೂ ಬೇಡ, ಅದು ಬಹಳ ಕಾಯುತ್ತದೆ. ಸಣ್ಣ ಎಲ್‌ಇಡಿ ಬಲ್ಬು ಸಾಕು; ಅದರಲ್ಲೂ ಬಿಳಿ-ನೀಲಿ ಬೆಳಕಿನದಕ್ಕಿಂತ ಹಳದಿ ಬೆಳಕಿನದಕ್ಕೆ ಹುಳಗಳು ಕಡಿಮೆ ಮುತ್ತುತ್ತವೆ. ಮಲಗುವ ಮುನ್ನ ಆರಿಸಿರಿ. ತೆರೆದ ಹಣತೆಗಳ ಸಾಲಿನಲ್ಲಿ ಬಿದ್ದು ಸಾಯುವ ಪತಂಗಗಳನ್ನು ಯಾರು ನೋಡಿಲ್ಲ? ಬಸದಿಯ ಮತ್ತು ದೇವರ ಮನೆಯ ದೀಪವನ್ನು ಗಾಜಿನ ಚಿಮಣಿಯಲ್ಲಿಟ್ಟು, ಉಳಿದ ಅಲಂಕಾರಕ್ಕೆ ಮುಚ್ಚಿದ ಕಂದೀಲುಗಳನ್ನೇ ಹಚ್ಚಿದರೆ ಆ ಹಿಂಸೆ ಬಹಳಷ್ಟು ತಪ್ಪುತ್ತದೆ.

ಕಾಸರಗೋಡು, ವಯನಾಡು, ನೀಲಗಿರಿಯ ಕಡೆಯ ಬಂಧುಗಳಿಗೆ ದೀಪಾವಳಿ ಹೊತ್ತಿಗೆ ಇನ್ನೂ ಮಳೆ ಇರುತ್ತದೆ. ಅವರು ಕಂದೀಲನ್ನು ಜಗುಲಿಯ ಒಳಗೇ ತೂಗುಹಾಕಬೇಕು. ಬುಟ್ಟಿಯ ಕೆಲಸವನ್ನು ಬೇಸಿಗೆಯ ರಜೆಯಲ್ಲಿ ಮಾಡಿಟ್ಟುಕೊಳ್ಳುವುದು ಮೇಲು.

ಪತ್ರಿಕೆ ಅಚ್ಚು ಹಾಕಿಸುವವರಲ್ಲಿ ಒಂದು ವಿನಂತಿ

ಮಹಾರಾಷ್ಟ್ರದಲ್ಲಿ 2018ರಲ್ಲಿ ಅಲಂಕಾರದ ಥರ್ಮೊಕೋಲನ್ನು ನಿಷೇಧಿಸಲಾಯಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಅದಕ್ಕೆ ನಿಷೇಧ ಬಂತು; ಆಮಂತ್ರಣ ಪತ್ರಿಕೆಗೂ ಮಿಠಾಯಿ ಪೆಟ್ಟಿಗೆಗೂ ಸುತ್ತುವ ತೆಳು ಪ್ಲಾಸ್ಟಿಕ್ ಕೂಡ ಅದೇ ಪಟ್ಟಿಯಲ್ಲಿದೆ. ಕಾನೂನು ಇಷ್ಟು ಮಾಡಿದೆ. ಉಳಿದದ್ದು ನಮ್ಮ ಕೈಯಲ್ಲಿದೆ.

ದೀಪಾವಳಿ ಕಳೆದು ತುಳಸಿ ಲಗ್ನ ಮುಗಿದೊಡನೆ ಮದುವೆಯ ಸುಗ್ಗಿ ಆರಂಭವಾಗುತ್ತದೆ. ಒಂದೊಂದು ಮನೆಯಿಂದ ನೂರಾರು ಪತ್ರಿಕೆಗಳು ಹೊರಡುತ್ತವೆ. ಪ್ರತಿಯೊಂದರ ಮೇಲೂ ಜಿನಬಿಂಬ ಅಚ್ಚಾದರೆ ಅಷ್ಟೂ ಬಿಂಬಗಳು ಯಾರ ಮನೆಯ ಮೂಲೆಯಲ್ಲಿ, ಯಾವ ಕಸದ ಬುಟ್ಟಿಯಲ್ಲಿ ಬೀಳುತ್ತವೆಂದು ಕರೆದವರಿಗೆ ತಿಳಿಯುವುದಿಲ್ಲ. ಭಕ್ತಿಯಿಂದ ಹಾಕಿಸಿದ ಚಿತ್ರವೇ ಅವಿನಯಕ್ಕೆ ಕಾರಣವಾಗುತ್ತದೆ. ಬಿಂಬ, ಮಂತ್ರಗಳನ್ನು ಬಿಟ್ಟು, ಮೇಲೆ ‘ಶುಭ’ ಎಂದಷ್ಟೇ ಬರೆಸಿದರೆ ಮಂಗಲಕ್ಕೆ ಏನೂ ಕೊರತೆಯಿಲ್ಲ. ಮಿಂಚು, ಪ್ಲಾಸ್ಟಿಕ್ ಪೊರೆ ಬೇಡವೆಂದು ಮುದ್ರಕರಿಗೆ ಹೇಳಿರಿ. ಒಂದೇ ಬದಿಗೆ ಅಚ್ಚು ಹಾಕಿಸಿದರೆ ಇನ್ನೊಂದು ಬದಿ ಚೀಟಿ ಬರೆಯಲು ಬರುತ್ತದೆ. ಮರವಿಲ್ಲದೆ, ಹತ್ತಿಯ ಬಟ್ಟೆ ಚೂರುಗಳಿಂದ ಮಾಡುವ ಕೈಕಾಗದವೂ ಸಿಗುತ್ತದೆ. 1940ರಲ್ಲಿ ಪುಣೆಯಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಆರಂಭವಾಯಿತು. ಕೊಳ್ಳುವಾಗ ಸರೇಸಿನ ಲೇಪ ಕೊಟ್ಟಿಲ್ಲವೆಂದು ಕೇಳಿ ಖಾತ್ರಿ ಮಾಡಿಕೊಳ್ಳಿರಿ.

ಕೊನೆಯದಾಗಿ ಒಂದು ಮಾತು. ಈ ಕೆಲಸಕ್ಕೆಂದು ಬಣ್ಣದ ಕಾಗದ, ಹೊಸ ಕತ್ತರಿ, ಹೊಸ ಟಿಕಳಿಗಳನ್ನು ಕೊಂಡು ತಂದರೆ ಅರ್ಥವುಳಿಯುವುದಿಲ್ಲ. ಇದ್ದದ್ದರಲ್ಲೇ ಆಗಬೇಕು. ಹಬ್ಬದ ನಂತರ ಕಂದೀಲನ್ನು ಮಡಿಸಿ, ಬೇವಿನ ಒಣ ಎಲೆಯೊಂದಿಗೆ ಹಳೆಯ ಸೀರೆಯ ಪೆಟ್ಟಿಗೆಯಲ್ಲಿ ಇಟ್ಟರೆ ಬರುವ ವರ್ಷ ಪೇಟೆಗೆ ಹೋಗುವ ಪ್ರಮೇಯವೇ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಕಾಗದ ಆರಿಸುವಾಗ, ಇದನ್ನು ಏಕೆ ಕತ್ತರಿಸಬಾರದು, ಈ ಹೆಸರುಗಳನ್ನು ಏಕೆ ಹೊರಗೆ ತೋರಿಸಬಾರದು ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ತಾಳ್ಮೆಯಿಂದ ಉತ್ತರ ಹೇಳಿರಿ. ಪಾಠಶಾಲೆಯಲ್ಲಿ ವಿನಯ, ಅಚೌರ್ಯ, ಅಪರಿಗ್ರಹ ಎಂದು ಬಾಯಿಪಾಠ ಮಾಡಿದ ಮಾತುಗಳು ಅಂದು ಅವರಿಗೆ ಅರ್ಥವಾಗುತ್ತವೆ.

ನಿಮ್ಮ ಮನೆಯಲ್ಲಿ ಇದಕ್ಕಿಂತ ಸುಲಭವಾದ ವಿಧಾನ ರೂಢಿಯಲ್ಲಿದ್ದರೆ ನಮಗೆ ಬರೆದು ತಿಳಿಸಿರಿ. ಎಲ್ಲ ಸಾಧರ್ಮಿ ಕುಟುಂಬಗಳಿಗೂ ವೀರ ನಿರ್ವಾಣೋತ್ಸವದ ಶುಭಾಶಯಗಳು. ಜಯ ಜಿನೇಂದ್ರ.